ಭುಜಂಗಯ್ಯನ ಒಂದೇ ಬಾಗಿಲು

ಹೊಂಗಲ್ಲೂರಿನ ಅರಸ ವೀರಮಲ್ಲನ ಮಾವ ಒಂದು ಮಧ್ಯಾಹ್ನ ಹೋಳಿಗೆ ತಿನ್ನುತ್ತ ಕೂತಿದ್ದಾಗ ಹೊಸ ಮನೆಯ ಮಾಳಿಗೆ ದಬಕ್ಕನೆ ಕುಸಿಯಿತು. ತಟ್ಟೆ ಸಮೇತ ಮಣ್ಣಿನಲ್ಲಿ ಹೂತುಹೋದ ಮಾವನನ್ನು ಎಳೆದು ಹೊರಗೆ ಹಾಕಿದರು. ಮಾವ ಬದುಕಿದ, ಆದರೆ ಹೋಳಿಗೆ ಹೋಯಿತಲ್ಲ ಎಂದು ಗೋಳೋ ಅಂತ ಅತ್ತ. ಆ ಅಳು ತಾಳಲಾರದೆ ಅರಸ ಡಂಗುರ ಸಾರಿಸಿದ: "ಇನ್ನು ಮೇಲೆ ಪರೀಕ್ಷಕರು ನೋಡಿ ಬಾಗಿಲಿಗೆ ಮುದ್ರೆ ಒತ್ತುವ ತನಕ ಹೊಸ ಮನೆಯೊಳಗೆ ಯಾರೂ ಕಾಲಿಡಕೂಡದು!"

ಕಾನೂನೇನೋ ಒಳ್ಳೆಯದೇ. ಎಡವಟ್ಟಾಗಿದ್ದು ಭುಜಂಗಯ್ಯನಿಂದ.

ಭುಜಂಗಯ್ಯ ಆಸ್ಥಾನದ ಪಂಡಿತ, ಮುಖ್ಯ ಪರೀಕ್ಷಕ. ತುಂಬಿದ ಸಭೆಯಲ್ಲಿ ಜುಟ್ಟು ಸವರಿಕೊಂಡು ಕೊಚ್ಚಿದ: "ಪರೀಕ್ಷಕನಾಗೋಕೆ ಒಂದೇ ಬಾಗಿಲು, ಪ್ರಭು. ನನ್ನ ಪಾಠಶಾಲೆಯ ಬಾಗಿಲು! ಕಪ್ಪು ಕೂದಲಲ್ಲಿ ಒಳಗೆ ಬರಬೇಕು, ಬಿಳಿ ಕೂದಲಲ್ಲಿ ಹೊರಗೆ ಹೋಗಬೇಕು."

ಅವನ ಶಿಷ್ಯರ ಕೂದಲೆಲ್ಲ ಇನ್ನೂ ಕರ್ರಗಿತ್ತು. ಹಾಗಾಗಿ ಮುದ್ರೆ ಒತ್ತುವ ಕೈ ಊರಿಗೆಲ್ಲ ಒಂದೇ, ಭುಜಂಗಯ್ಯನದು. ಅವನಿಗೋ ಏಣಿ ಕಂಡರೆ ಮಂಡಿನೋವು! ಹೊಸ ಮನೆಗಳೆಲ್ಲ ಬೀಗ ಹಾಕಿಕೊಂಡು ನಿಂತವು. ಕಟ್ಟಿಸಿದವರು ತಮ್ಮ ಮನೆಯ ಎದುರೇ ಬೀದಿಯಲ್ಲಿ ಒಲೆ ಹೂಡಿ ಸಾರು ಕುದಿಸಿಕೊಂಡರು.

ಒಂದು ದಿನ ಬೆಳಿಗ್ಗೆ ರೊಟ್ಟಿ ಮಾರುವ ಈರವ್ವ ಏದುಸಿರು ಬಿಡುತ್ತ ಸಭೆಗೆ ಓಡಿಬಂದಳು.

"ದೊರೆಯೇ, ಮಗಳು ನೀಲವ್ವನದು ಚೊಚ್ಚಲ ಹೆರಿಗೆ. ತವರಿಗೆ ಕರ್ಕೊಂಡು ಬಂದೀನಿ. ಹೊಸ ಮನೆ ಮುಂದೆ ಬಂಡಿ ನಿಂತದೆ, ಒಳಗೆ ಹೋಗಂಗಿಲ್ಲ. ಇವತ್ತೋ ನಾಳೆಯೋ ಅನ್ನಂಗಿದ್ದಾಳೆ. ಮುದ್ರೆ ಒತ್ತಿಸಿಕೊಡ್ರಪ್ಪಾ!"

"ಸರದಿ ಬರಲಿ," ಎಂದ ಭುಜಂಗಯ್ಯ. "ದೀಪಾವಳಿ ಕಳೀಲಿ, ನೋಡೋಣ."

"ದೀಪಾವಳಿಗೆ ಕೂಸು ಅಂಬೆಗಾಲು ಇಡ್ತಿರ್ತದೆ ಕಣಪ್ಪೋ!"

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಈರವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ಕಂಡು ಸೋವಣ್ಣನಿಗೆ ಮೈಯೆಲ್ಲ ಉರಿಯಿತು. ಸೋವಣ್ಣ ಅಂದರೆ ಆಸ್ಥಾನದ ವಿದೂಷಕ. ಕೆಲಸ ಕಡಿಮೆ, ಬಾಯಿ ಜಾಸ್ತಿ.

"ಪ್ರಭು," ಎಂದು ಎದ್ದು ನಿಂತ. "ಒಂದೇ ಬಾಗಿಲಿರೋ ಮನೆಗೆ ಬೆಂಕಿ ಬಿದ್ದರೆ ಒಳಗಿದ್ದವರ ಗತಿಯೇನು? ಹಿತ್ತಲ ಬಾಗಿಲೂ ಒಂದು ಬೇಕಲ್ಲವೇ? ನನ್ನನ್ನು ಪರೀಕ್ಷಕನನ್ನಾಗಿ ಮಾಡಿ. ಪಾಠಶಾಲೆ ಬೇಡ, ನೇರವಾಗಿ ಪರೀಕ್ಷೆ ಕೊಡ್ತೀನಿ. ಇವತ್ತೇ!"

"ಸೋತರೆ?" ಎಂದ ಅರಸ.

"ಈ ಮೀಸೆ ಬೋಳಿಸಿ ಪಂಡಿತರ ಕೈಗೇ ಕೊಡ್ತೀನಿ."

ಸೋವಣ್ಣನ ಮೀಸೆ ಅಂದರೆ ಸಾಮಾನ್ಯವೇ? ಅವನ ಹೆಂಡತಿಗೆ ಅವನಿಗಿಂತ ಅದರ ಮೇಲೇ ಪ್ರೀತಿ ಹೆಚ್ಚು ಅಂತ ಊರೇ ಆಡಿಕೊಳ್ಳುತ್ತಿತ್ತು.

ಭುಜಂಗಯ್ಯನ ಮುಖ ಅರಳಿತು. "ಆಗಲಿ! ಊರಲ್ಲಿ ಯಾವ ಮನೆಯನ್ನಾದರೂ ನೋಡಿ ಬಾ. ಗಟ್ಟಿಯೋ ಜಳ್ಳೋ ಹೇಳು. ನೀನು ಹೇಳಿದ್ದು ಸರಿಯೋ ತಪ್ಪೋ ಅನ್ನೋ ತೀರ್ಪು ಮಾತ್ರ ನನ್ನದು." ಇವನು ಏನೇ ಹೇಳಲಿ, ತಪ್ಪು ಅನ್ನುವುದೆಂದು ಅವನು ಆಗಲೇ ನಿಶ್ಚಯಿಸಿಬಿಟ್ಟಿದ್ದ.

"ಯಾವ ಮನೆಯನ್ನಾದರೂ?"

"ಯಾವುದನ್ನಾದರೂ, ಹೋಗಯ್ಯ!"

ಸೋವಣ್ಣ ಹೋದ. ಊಟದ ಹೊತ್ತು ಕಳೆದ ಮೇಲೆ ತೇಗುತ್ತ ವಾಪಸ್ಸು ಬಂದ. ಕೆನ್ನೆಯ ಮೇಲೆ ಚಾಪೆಯ ಬರೆ ಮೂಡಿತ್ತು.

"ಏನು ನೋಡಿದೆ?" ಎಂದ ಅರಸ.

"ನೋಡಿದ್ದಕ್ಕಿಂತ ಮಲಗಿದ್ದೇ ಹೆಚ್ಚು, ಪ್ರಭು. ನಡುಮನೆಯಲ್ಲಿ ಹೊಟ್ಟೆ ತುಂಬ ಉಂಡೆ. ತೊಲೆಯ ಕೆಳಗೆ ಚಾಪೆ ಹಾಸಿಕೊಂಡು ಗೊರಕೆ ಹೊಡೆದೆ. ನನ್ನ ಗೊರಕೆಗೆ ನಮ್ಮ ಮನೆ ಗಡಿಗೆಗಳು ಉರುಳ್ತಾವೆ. ಅಲ್ಲಿ ಚಿಟಿಕೆ ಮಣ್ಣೂ ಉದುರಲಿಲ್ಲ. ಮನೆ ಬಲು ಗಟ್ಟಿ!"

"ತಪ್ಪು!" ಭುಜಂಗಯ್ಯ ಕುಣಿದಾಡಿದ. "ಶುದ್ಧ ತಪ್ಪು! ಗೊರಕೆ ಹೊಡೆಯೋದೂ ಒಂದು ಪರೀಕ್ಷೆಯೇ? ಆ ಮನೆ ಬರೀ ಜಳ್ಳು. ಇವತ್ತೋ ನಾಳೆಯೋ ಬೀಳುತ್ತೆ! ಕರೀರಿ ಕ್ಷೌರಿಕನನ್ನ!"

"ಅಯ್ಯಯ್ಯೋ, ಬೀಳುತ್ತಾ?" ಸೋವಣ್ಣ ಎದೆ ಹಿಡಿದುಕೊಂಡ. "ಪ್ರಭು, ಕ್ಷೌರಿಕ ಆಮೇಲೆ ಬರಲಿ. ಮೊದಲು ಆಳುಗಳನ್ನ ಕಳಿಸಿ ಆ ಮನೆ ಖಾಲಿ ಮಾಡಿಸಿ. ಪಂಡಿತರ ಹೆಂಡತಿ ಇನ್ನೂ ಒಳಗೇ ಇದ್ದಾರೆ. ಪಾಪ, ಕರೆದು ಕರೆದು ಮಜ್ಜಿಗೆ ಬಡಿಸಿದ ತಾಯಿ!"

"ಯಾ... ಯಾವ ಪಂಡಿತರ ಹೆಂಡತಿ?"

"ತಮ್ಮವರೇ, ಸ್ವಾಮಿ. ನಾನು ನೋಡಿಬಂದದ್ದು ತಮ್ಮ ಮನೆಯನ್ನೇ."

ಭುಜಂಗಯ್ಯನ ಜುಟ್ಟು ತಾನಾಗಿಯೇ ಬಿಚ್ಚಿಕೊಂಡಿತು. ಜಳ್ಳು ಅಂದರೆ ಮನೆ ಬಿಟ್ಟು ಬೀದಿಗೆ ಬರಬೇಕು, ಹೆಂಡತಿಯ ಕೈಗೂ ಸಿಗಬೇಕು. ಗಟ್ಟಿ ಅಂದರೆ ಸೋವಣ್ಣ ಗೆದ್ದ ಹಾಗೆ. ಎರಡರಲ್ಲಿ ಹೆಂಡತಿಯ ಭಯವೇ ದೊಡ್ಡದಾಯಿತು.

"ಸರಿ... ಸರಿ ಅಂದೆ! ಗಟ್ಟಿ ಮನೆ! ಇವನು ಪಾಸು!"

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕು, ಮುದ್ರೆಯನ್ನು ಸೋವಣ್ಣನ ಕೈಗಿತ್ತ. "ಹೋಗಯ್ಯ, ಈರವ್ವನ ಮನೆಯಲ್ಲೂ ಒಂದು ನಿದ್ದೆ ತೆಗೆದು ಬಾ!"

"ಬೇಡ ಪ್ರಭು. ಪಂಡಿತರ ಮನೆಗೆ ಗೊರಕೆ ಸಾಕು. ಬಾಣಂತಿ ಮಲಗೋ ಮನೆಗೆ ಸಾಲದು. ಮನೆ ಕಟ್ಟೋ ಹಳೇ ಗೌಂಡಿಗಳನ್ನ ಕರೆಸಿ. ನಿಮ್ಮ ಮಾವನವರನ್ನೂ ಕರೆಸಿ."

ಮಾವ ಬಂದ. ಹೋಳಿಗೆ ತಟ್ಟೆ ಕೈಗೆ ಕೊಟ್ಟು, ಈರವ್ವನ ಮಾಳಿಗೆ ಹತ್ತಿಸಿದರು. ಅವನ ಹಿಂದೆ ಮಂತ್ರಿ, ಸೇನಾಪತಿ, ಕೊನೆಗೆ ತಡೆಯಲಾರದೆ ಅರಸನೂ ಹತ್ತಿದ. ಎಲ್ಲರೂ ಧಿಮಿಧಿಮಿ ಕುಣಿದರು. ಕೆಳಗೆ ಗೌಂಡಿಗಳು ತೊಲೆತೊಲೆಗೂ ಕಿವಿಯಿಟ್ಟು, ಗೋಡೆಗೋಡೆಯನ್ನೂ ತಟ್ಟಿ ನೋಡಿ ಕೂಗಿದರು: "ಕಿರ್ ಅನ್ನಲಿಲ್ಲ ಬುದ್ಧೀ!"

ಮಾವನ ಹೋಳಿಗೆಗೂ ಧಕ್ಕೆಯಾಗಲಿಲ್ಲ. ಸೋವಣ್ಣ ಬಾಗಿಲಿಗೆ ಮುದ್ರೆ ಒತ್ತಿದ. ಅಷ್ಟರಲ್ಲಿ ನೋವು ಜೋರಾಗಿದ್ದ ನೀಲವ್ವನನ್ನು ಬಂಡಿಯಿಂದ ಇಳಿಸಿ, ಹೆಂಗಸರು ಒಳಗೆ ಕರೆದೊಯ್ದರು. ಈರವ್ವ ಅಳುತ್ತ ನಗುತ್ತ ಹೊಸ ಒಲೆಯ ಮೇಲೆ ಹಾಲಿಟ್ಟಳು.

ಅರಸ ಕೆಳಗಿಳಿದು ಬೀದಿಯಲ್ಲೇ ಅಪ್ಪಣೆ ಕೊಡಿಸಿದ: "ಇನ್ನು ಮೇಲೆ ಮನೆ ಕಟ್ಟಿ ಪಳಗಿದ ಗೌಂಡಿಗಳೂ ಪಾಠಶಾಲೆಗೆ ಹೋಗದೆ ನೇರ ಪರೀಕ್ಷೆಗೆ ಕೂರಬಹುದು. ಪರೀಕ್ಷೆ ಭುಜಂಗಯ್ಯನ ಮನೆಯಲ್ಲೇ!"

ಭುಜಂಗಯ್ಯ ಜುಟ್ಟು ಕಟ್ಟಿಕೊಳ್ಳುತ್ತ ಗೊಣಗಿದ: "ಏನಾದರೂ ಮಾಡಿಕೊಳ್ಳಿ. ಬಾಗಿಲು ದಾಟದೇ ಮನೆಯೊಳಗೆ ಬಂದವನನ್ನ ಈ ಲೋಕದಲ್ಲಿ ಯಾರಾದರೂ ಕಂಡಿದ್ದಾರೆಯೇ?"

ಹಾಲು ಉಕ್ಕಿತು. ಒಳಗಿನಿಂದ "ಕುವ್ವಾ" ಎಂದು ಗಟ್ಟಿ ಅಳು ಕೇಳಿಸಿತು.

ಸೋವಣ್ಣ ಮೀಸೆ ತಿರುವಿದ.

"ಇಗೋ ಪಂಡಿತರೇ, ಈಗ ತಾನೇ ಬಂದ. ಹೋಗಿ ಅವನನ್ನೇ ಕೇಳಿ!"