ಅರಗು ಹಚ್ಚಿದ ಬೆರಳು

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೆ ಅವರಜ್ಜಿ ಹೇಳಿದ ಕತೆ ಇದು, ವೀರಾಚಾರಿ ಅಂತ ಒಬ್ಬ ಕಲ್ಲುಕೆತ್ತನೆ ಆಚಾರಿ ಇದ್ದನಂತೆ. ಕಾಲು ಆಡಿಸಬೇಡ, ಸುಮ್ನೆ ಕೇಳು. ಅವನು ಊರಮ್ಮನಿಗೆ ಗುಡಿ ಕಟ್ಟೋಕೆ ನಿಂತನಂತೆ. ಗುಡಿ ಅಂದ್ರೆ ಮನೆ ಕಟ್ಟಿದ ಹಾಗಲ್ಲ ಮಗಾ. ಅಮ್ಮನವರ ಬೆರಳಿನ ಅಗಲವೇ ಅಳತೆ. ಹನ್ನೆರಡು ಬೆರಳಾದ್ರೆ ಮುಖ, ಮುಖದ ಲೆಕ್ಕದಲ್ಲಿ ಮೈ, ಮೈ ನೋಡಿ ಬಾಗಿಲು, ಬಾಗಿಲು ನೋಡಿ ಶಿಖರ.

ವಿಗ್ರಹ ಕೆತ್ತೋ ಕೆಲಸ ಮಗ ಮೌನಾಚಾರಿಗೆ ಬಂತಂತೆ. ಅವನ ಕೈ ಬಂಗಾರ, ಬುದ್ಧಿ ಮಾತ್ರ ಆತುರದ್ದು. ಎಲ್ಲಾ ಮುಗೀತು ಅನ್ನೋವಾಗ ಉಳಿ ಜಾರಿ, ಅಮ್ಮನ ಕಿರುಬೆರಳು ಪಟಕ್ಕನೆ ಮುರೀತಂತೆ. ಭಿನ್ನವಾದ ವಿಗ್ರಹಕ್ಕೆ ಪೂಜೆ ಇಲ್ಲ, ಮತ್ತೆ ಮೊದಲಿಂದ ಕೆತ್ತಬೇಕು. ಅಪ್ಪನಿಗೆ ಹೇಳೋಕೆ ನಾಲಗೆ ಏಳದೆ, ಅರಗು ಕಾಯಿಸಿ, ಕಲ್ಲಿನ ಪುಡಿ ಕಲಸಿ, ಬೆರಳು ಅಂಟಿಸಿಬಿಟ್ಟನಂತೆ.

ಆಮೇಲೆ ವಿಗ್ರಹ ಕೂರಿಸೋ ಮುಂಚೆ ಮೂರು ದಿನದ ಶಾಸ್ತ್ರ. ಮೊದಲನೇ ದಿನ ನೀರಲ್ಲಿಟ್ಟರಂತೆ, ಬಿರುಕಿದ್ರೆ ನೀರೇ ಹೇಳುತ್ತೆ ಅಂತ. ಅರಗು ಬಿಡಲಿಲ್ಲ. ಅಪ್ಪ ಎಲ್ಲರ ಮುಂದೆ ಮಗನ ಬೆನ್ನು ತಟ್ಟಿದನಂತೆ. ಇವನಿಗೆ ಬೆನ್ನು ಸುಟ್ಟ ಹಾಗಾಯ್ತಂತೆ. ಎರಡನೇ ದಿನ ಭತ್ತದಲ್ಲಿ ಹುದುಗಿಸಿಟ್ಟರಂತೆ. ಮನೆಮನೆಯಿಂದ ಭತ್ತ ಬಂತು. ಒಪ್ಪೊತ್ತಿನ ಊಟಕ್ಕೂ ಗತಿಯಿಲ್ಲದ ಮುದುಕಿ ಒಂದು ಬೊಗಸೆ ತಂದು ಸುರಿದು, ನಿನ್ನ ಕೈಗೆ ಒಳ್ಳೇದಾಗಲಿ ಕಣಪ್ಪಾ ಅಂದಳಂತೆ. ಅವನು ನಾಚಿ ಕೈಯನ್ನ ಬೆನ್ನ ಹಿಂದೆ ಇಟ್ಕೊಂಡನಂತೆ. ಮೂರನೇ ದಿನ ಹಾಸಿಗೆ ಮೇಲೆ ಮಲಗಿಸಿದರಂತೆ. ಅವನ ಅವ್ವ ಪೆಟ್ಟಿಗೆಯಿಂದ ತನ್ನ ಮದುವೆ ಸೀರೆ ತೆಗೆದು ಅಮ್ಮನಿಗೆ ಹೊದಿಸಿದಳಂತೆ. ಅವನು ಅವ್ವನ ಕಣ್ಣು ತಪ್ಪಿಸಿ ಹೊರಗೆ ಹೋದನಂತೆ.

ಮಾರನೇ ಬೆಳಗ್ಗೆ ಕಣ್ಣು ಬಿಡಿಸೋ ಶಾಸ್ತ್ರ. ಕೆತ್ತಿದವನೇ ಎದುರಿಗೆ ನಿಂತು, ಚಿನ್ನದ ಕಡ್ಡಿಯಲ್ಲಿ ಕಣ್ಣು ಬರೀಬೇಕು. ಮೌನಾಚಾರಿ ಕಡ್ಡಿ ಹಿಡಿದ, ಕೈ ಮುಂದಕ್ಕೆ ಹೋಗಲಿಲ್ಲವಂತೆ.

"ಅಪ್ಪಾ, ಈ ಕಣ್ಣು ಬಿಟ್ರೆ ಅಮ್ಮ ಮೊದಲು ನನ್ನನ್ನೇ ನೋಡ್ತಾಳೆ. ಹೇಗೆ ನಿಲ್ಲಲಿ? ಬೆರಳು ಮುರಿದದ್ದು ನಾನೇ, ಅರಗು ಹಚ್ಚಿ ಮುಚ್ಚಿಟ್ಟದ್ದೂ ನಾನೇ."

ವೀರಾಚಾರಿ ಬೈಯಲಿಲ್ಲ, ಹೊಡೀಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು, ಊರವರಿಗೆ ಉದ್ದಂಡ ಬಿದ್ದು, ತಪ್ಪಾಯ್ತು ಅಂದನಂತೆ. ಬೈದಿದ್ರೆ ಮಗ ತಡ್ಕೋತಿದ್ದ. ತನ್ನ ತಪ್ಪಿಗೆ ಅಪ್ಪ ನೆಲಕ್ಕೆ ಬಿದ್ದದ್ದು ನೋಡಿ, ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತಂತೆ ಅವನಿಗೆ.

ಆಮೇಲೆ ಆ ವಿಗ್ರಹವನ್ನ ಹೊಳೆಗೆ ಬಿಟ್ಟು, ಗುಡೀಲಿ ಅಮ್ಮನ ಬದಲಿಗೆ ಕಲಶ ಇಟ್ಟು, ಊರವರು ಒಂದು ವರ್ಷ ಕಾದರಂತೆ. ಮೌನಾಚಾರಿ ಬೇರೆ ಕಲ್ಲಲ್ಲಿ ಮತ್ತೆ ಮೊದಲಿಂದ ಕೆತ್ತಿದನಂತೆ. ಕಣ್ಣು ಬಿಡಿಸೋ ದಿನ ಬಂದಾಗ ಮಾತ್ರ, ನನಗೆ ಮುಖವಿಲ್ಲ, ನೀನೇ ಬರಿಯಪ್ಪಾ ಅಂತ ಹಿಂದೆ ಸರಿದನಂತೆ. ಅಪ್ಪ ಕಡ್ಡಿಯನ್ನ ಅವನ ಕೈಗೇ ಇಟ್ಟ.

"ನಾಚಿಕೆ ಗೊತ್ತಿರೋನ ಕೈಗೇ ಇದು ಸಲ್ಲೋದು. ಬರಿ."

ಬರೆದನಂತೆ. ಅಮ್ಮ ನೋಡಿದಳಂತೆ. ನಾಚಿಕೆ ಇನ್ನೂ ಇತ್ತು, ಆದ್ರೂ ಅವನು ಎದುರಿಗೇ ನಿಂತಿದ್ದನಂತೆ.

ಅಮ್ಮನ ಕಣ್ಣು ಬಿಟ್ಟಾಯ್ತು, ಕತೆ ಮುಗೀತು, ಇನ್ನು ನಿನ್ನ ಕಣ್ಣು ಮುಚ್ಚು ಮಗಾ.