ಮಗ್ಗುಲ ಮಠದ ಕುಸ್ತಿ

ಕಂಕಣಗಟ್ಟಿಯ ಹೊಳೆದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಮೊದಲು ಅಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಗಾಣ ನಿಂತ ಮೇಲೆ ಖಾಲಿ ಬಿದ್ದಿತ್ತು. ಪೂಜ್ಯ ಗುರುಬಾಯಿ ತಾಯಿಯವರ ಮಠವೆಂದರೆ ಅದೇ. ಕಳಸವಿಲ್ಲ, ಗದ್ದುಗೆಯಿಲ್ಲ. ಆರು ಹೊರಸು, ಹೊರಸಿನ ಮೇಲೆ ತಾವಾಗಿ ಏಳಲಾರದ ಆರು ಮಂದಿ. ಗೋಡೆಗೊಂದು ಗಡಿಯಾರ. ಬಾಗಿಲಿಗೊಂದು ಎತ್ತಿನ ಕೊರಳ ಗಂಟೆ.

ಎರಡು ತಾಸಿಗೊಮ್ಮೆ ತಾಯಿಯವರು ಆ ಗಂಟೆ ಬಾರಿಸುತ್ತಿದ್ದರು. ಆಗ ಎಲ್ಲರ ಮಗ್ಗುಲೂ ಬದಲಾಗಬೇಕು. ಎಡಕ್ಕಿದ್ದವರು ಬಲಕ್ಕೆ, ಬಲಕ್ಕಿದ್ದವರು ಎಡಕ್ಕೆ. ಹಗಲಿರುಳು ಇದು ತಪ್ಪುತ್ತಿರಲಿಲ್ಲ. ದರ್ಶನಕ್ಕೆ ಬಂದ ಭಕ್ತರು "ತಾಯೀ, ಪೂಜಿ ಎಷ್ಟಕ್ಕ?" ಎಂದು ಕೇಳಿದರೆ "ನಡದೈತಲ್ಲ" ಎನ್ನುತ್ತಿದ್ದರು. ಊರವರು ನಗೆಯಾಡಿ ಅದಕ್ಕೆ ಮಗ್ಗುಲ ಮಠ ಎಂದು ಹೆಸರಿಟ್ಟರು. ಹೆಸರು ಉಳಿಯಿತು. ನಗೆ ಹೋದದ್ದು ಹೇಗೆಂಬುದೇ ಈ ಪ್ರಸಂಗ.

ಪೈಲ್ವಾನ ನೂರಂದಪ್ಪ ಆ ಸೀಮೆಯ ಗಟ್ಟಿ ಕುಸ್ತಿಗಾರ. ನಾಲ್ಕು ತಿಂಗಳು ಮಿರಜ, ಸಾಂಗಲಿ ಕಡೆ ಆಡಿ, ಬೆಳ್ಳಿ ಗದೆ ಗೆದ್ದು ಊರಿಗೆ ಬಂದ. ಗದೆಯನ್ನು ವಸ್ತಾದರ ಪಾದಕ್ಕಿಡಬೇಕೆಂದು ಮನೆಗೂ ಹೋಗದೆ ಗರಡಿಗೆ ಓಡಿದ. ಅವನಿಗೆ ಪಟ್ಟು ಕಲಿಸಿದ ವಸ್ತಾದ ಮೌಲಾಸಾಬರು ಅಲ್ಲಿರಲಿಲ್ಲ. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದಿದ್ದವು. ಮಾತು ಹೋಗಿತ್ತು. ಮನೆಯಲ್ಲಿ ಅಂಗಾತ ಮಲಗಿ ಮಲಗಿ ಬೆನ್ನಿನ ಬುಡಕ್ಕೆ ಹುಣ್ಣಾಗಿತ್ತು. ಹೆಂಡತಿ ಹಜರತಮಾ ಗಂಡನನ್ನು ಗಾಡಿಯಲ್ಲಿ ಹಾಕಿಕೊಂಡು ಮಗ್ಗುಲ ಮಠ ಸೇರಿ ಎಂಬತ್ತು ದಿನವಾಗಿತ್ತು.

ನೂರಂದಪ್ಪನಿಗೆ ಮೈಯೆಲ್ಲ ಉರಿಯಿತು. ಅಷ್ಟು ಪೈಲ್ವಾನರನ್ನು ತಯಾರು ಮಾಡಿದ ಮನುಷ್ಯ ಯಾವಳೋ ಮುದುಕಿಯ ಕೈಯಲ್ಲಿ! ಬೂದಿ ಹಚ್ಚುತ್ತಾಳೋ, ಮಂತ್ರ ಊದುತ್ತಾಳೋ! ಗಾಡಿ ಹೂಡಿಸಿದ. ಗದೆ ಹೆಗಲಿಗಿಟ್ಟ. ವಸ್ತಾದರನ್ನು ಎತ್ತಿಕೊಂಡು ಬಂದೇ ಬರುತ್ತೇನೆಂದು ಗರಡಿಯವರೆದುರು ತೊಡೆ ತಟ್ಟಿ ಹೊರಟ.

ತಾಯಿಯವರು ಅಂಗಳದ ಕಲ್ಲಿನ ಮೇಲೆ ಹುಣ್ಣಿನ ಬಟ್ಟೆ ಒಗೆಯುತ್ತಿದ್ದರು. ಎಪ್ಪತ್ತು ದಾಟಿದ ಜೀವ. ತೋಳು ಜೋಳದ ದಂಟಿನಷ್ಟು.

"ಏ ಮುದುಕಿ, ಎಲ್ಲಿ ನಮ್ಮ ವಸ್ತಾದರು?"

ತಾಯಿಯವರು ತಲೆಯೆತ್ತಿ ಗದೆಯನ್ನು ನೋಡಿದರು. "ಇದು ಯಾರಿಗಪಾ?"

"ವಸ್ತಾದರ ಪಾದಕ್ಕ."

"ಇಡುವಂತಿ. ಮದಲ ಕೈ ತೊಳಕೊ" ಎಂದು ಸಬಕಾರ ಚಾಚಿದರು.

ಅವನು ತೊಳೆಯಲಿಲ್ಲ. ದಾಟಿಕೊಂಡು ಒಳಗೆ ಹೋದ.

ವಸ್ತಾದರು ಎಡಮಗ್ಗುಲಾಗಿ ಮಲಗಿದ್ದರು. ಮೊಣಕಾಲುಗಳ ನಡುವೆ ಅರಳೆಯ ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕೆಳಗೊಂದು ಬಟ್ಟೆಯ ಸುರುಳಿ. ಶಿಷ್ಯನನ್ನು ಕಂಡು ಕಣ್ಣು ತುಂಬಿದವು.

"ಬಂದ್ಯಾ ಹುಲಿ?" ಎಂದಳು ಹಜರತಮಾ. "ನಾಕು ತಿಂಗಳಾತು. ದಾರಿ ಈಗ ಸಿಕ್ತೇನು?"

"ಅಮ್ಮಾ, ಇವರನ್ನ ನಮ್ಮನಿಗೆ ಒಯ್ತೀನಿ. ಗಾದಿ ಮ್ಯಾಲೆ ರಾಜಾನಂಗ ಅಂಗಾತ ಮಲಗಸ್ತೀನಿ."

"ಮಲಗಸೂದಕ್ಕ ಹುಣ್ಣಾತೋ! ದವಾಖಾನಿಯವರು ಜೀವಾ ಉಳಸಿದ್ರು. ಇನ್ನ ಹೊಳ್ಳಸೂದು ಮನಿಯವರ ಕೆಲಸ ಅಂದ್ರು. ಈ ಆಳನ್ನ ಹೊಳ್ಳಸಾಕ ನನ್ನ ರಟ್ಟ್ಯಾಗ ಎಲ್ಲೈತಿ ಕಸುವು?"

"ನನ್ನ ರಟ್ಟ್ಯಾಗೈತಿ" ಎಂದವನೇ ವಸ್ತಾದರ ಕಂಕುಳಿಗೆ ಕೈ ಹಾಕಿ ಒಮ್ಮೆಲೇ ಜಗ್ಗಿದ.

ವಸ್ತಾದರು ಚೀರಿದರು. ಮಾತು ಹೋದ ಬಾಯಿಂದ ಬಂದ ಚೀರು. ಆರೂ ಹೊರಸು ನಡುಗಿದವು. ಹಾಸಿಗೆಯ ಬಟ್ಟೆಗೆ ಹುಣ್ಣು ಉಜ್ಜಿ ರಕ್ತ ಬಂತು. ಎಡಗೈ ಮೇಲೆದ್ದು ಅವನ ಭುಜಕ್ಕೆ ಎರಡು ಬಾರಿ ತಟ್ಟಿತು. ನೂರಂದಪ್ಪ ಕಲ್ಲಾದ. ಗರಡಿಯಲ್ಲಿ ಪಟ್ಟು ತಪ್ಪಿದಾಗ ವಸ್ತಾದರು ಹೀಗೆಯೇ ಎರಡು ಬಾರಿ ತಟ್ಟುತ್ತಿದ್ದರು. ತಪ್ಪು, ಬಿಡು.

"ಅತ್ತಾಗ ಸರಿ" ಎಂದಿತು ಬೆನ್ನ ಹಿಂದಿನ ದನಿ.

ತಾಯಿಯವರು ಕೈ ತೊಳೆದು ಬಂದಿದ್ದರು. ವಸ್ತಾದರ ಎಡ ಮೊಣಕಾಲನ್ನು ಮಡಿಸಿದರು. ಒಂದು ಕೈ ಭುಜಕ್ಕೆ, ಒಂದು ಕೈ ಟೊಂಕಕ್ಕೆ. ಹಾಗೇ ನಿಂತರು.

"ಏನ್ ಕಾಯಾಕತ್ತಿ?"

"ಅವರ ಉಸರಾ."

ಎದೆ ಏರಿತು. ಇಳಿಯತೊಡಗಿದ ಗಳಿಗೆಯಲ್ಲೇ ತಾಯಿಯವರು ಹಿಂಗಾಲಿಗೆ ಭಾರ ಕೊಟ್ಟು ಮೆಲ್ಲಗೆ ವಾಲಿದರು. ಅಷ್ಟೇ. ಆ ಗುಡ್ಡದಂಥ ಮೈ ಪುಸ್ತಕದ ಹಾಳೆಯಂತೆ ಹೊರಳಿತು. ನರಳಿಕೆಯಿಲ್ಲ, ಉಜ್ಜಾಟವಿಲ್ಲ. ವಸ್ತಾದರು ಕಣ್ಣು ಮುಚ್ಚಿ ನಿಟ್ಟುಸಿರಿಟ್ಟರು.

ನೂರಂದಪ್ಪನ ಮೈ ಜುಮ್ಮೆಂದಿತು. ಇದು ವಸ್ತಾದರದೇ ಪಟ್ಟು! ರಟ್ಟೆಯಿಂದ ಎತ್ತಬೇಡ, ಎದುರಾಳಿ ಉಸಿರು ಬಿಡುವಾಗ ನಿನ್ನ ಭಾರದಿಂದ ಹೊರಳಿಸು ಎಂದು ಹನ್ನೆರಡು ವರ್ಷ ಬೈದು ಬೈದು ಕಲಿಸಿದ್ದು. ಗರಡಿಯ ಮೆಟ್ಟಿಲನ್ನೇ ತುಳಿಯದ ಈ ಮುದುಕಿಗೆ ಅದು ಹೇಗೆ ಬಂತು?

ಹಜರತಮಾ ರಕ್ತ ಒರೆಸುತ್ತ ಅಂದಳು: "ಇಲ್ಲಿಗೆ ಬಂದಾಗ ಹುಣ್ಣಿನ್ಯಾಗ ಮುಷ್ಟಿ ಹಿಡಸ್ತಿತ್ತು. ಹುಣಸಿಬೀಜದಷ್ಟು ಉಳದಿತ್ತು. ನೀ ಬಂದು ಮತ್ತ ಬಾಯಿ ತಗಸಿದಿ."

ಅವನು ತಲೆ ತಗ್ಗಿಸಿದ. ಆಗ ತಾಯಿಯವರು ಕೇಳಿದರು: "ಪೈಲ್ವಾನಾ, ಕುಸ್ತ್ಯಾಗ ಸೋಲಂದ್ರ ಏನು?"

"ಬೆನ್ನು ಮಣ್ಣಿಗೆ ಹತ್ತೂದು."

"ಎಂಬತ್ತು ದಿನಾ ಆತು. ನಿಮ್ಮ ವಸ್ತಾದರು ಬೆನ್ನು ಹತ್ತಿಸಿಲ್ಲ. ನೀ ಒಯ್ದು ಹತ್ತಸ್ತೀಯೇನು?"

ಇಷ್ಟೇ ಮಾತು. ನೂರಂದಪ್ಪ ಹೊರಗೆ ಹೋದ. ಗಾಡಿ ತಿರುಗಿ ಕಳಿಸಿದ. ಗದೆಯನ್ನು ಮೂಲೆಗಿಟ್ಟ. ಮೊಣಕೈವರೆಗೆ ಸಬಕಾರ ಹಚ್ಚಿ ಕೈ ತೊಳೆದ.

ಆ ಹಂಗಾಮಿನ ಕುಸ್ತಿ ಬಿಟ್ಟು ಅಲ್ಲೇ ಉಳಿದ. ಉಪ್ಪುನೀರು ಕುದಿಸಿ ಆರಿಸಿದ, ಮಲಮೂತ್ರ ಬಳಿದ, ಗಂಟೆ ಬಾರಿಸಿದಾಗಲೆಲ್ಲ ಎದ್ದ. ಮೊದಮೊದಲು ಕೈ ಒರಟು. ಪಕ್ಕದ ಹೊರಸಿನ ನೇಕಾರ ಮುದುಕ ಒಂದು ದಿನ ಕೂಗಿಕೊಂಡ: "ಏ ಪೈಲ್ವಾನಾ, ಸಾವಕಾಶ! ನಾ ಏನ್ ನಿನ್ನ ಜೋಡಿ ಪಂದ್ಯಾ ಕಟ್ಟಿಲ್ಲೋ!" ಮಠವೆಲ್ಲ ನಕ್ಕಿತು. ತಾಯಿಯವರು ನಗಲಿಲ್ಲ. "ಉಸರಾ ನೋಡು" ಎಂದರು. ಅವನು ನೋಡಲು ಕಲಿತ. ಗರಡಿಯ ಹಗ್ಗ ತಂದು ವಸ್ತಾದರ ಹೊರಸಿನ ಮೇಲೆ ತೊಲೆಗೆ ಕಟ್ಟಿದ. ದಿನಾ ಅವರ ಎಡಗೈಗೆ ಕೊಟ್ಟು ಜಗ್ಗಿಸಿದ. ಹುಣ್ಣು ಮುಚ್ಚುತ್ತ ಬಂತು.

ಪಂಚಮಿಯ ದಿನ. ಊರ ಕಣದಲ್ಲಿ ಜಂಗೀ ಕುಸ್ತಿ. ಗರಡಿಯವರು ಹಲಗೆ ಬಾರಿಸಿಕೊಂಡು ನೂರಂದಪ್ಪನನ್ನು ಕರೆಯಲು ಮಠಕ್ಕೇ ಬಂದರು. "ಬಾರೋ, ಕಣಾ ಕಾಯಾಕತ್ತೈತಿ! ಇಲ್ಲಿ ಮುದುಕರನ್ನ ಹೊಳ್ಳಸಕೋತ ಕುಂತಿಯಲ್ಲೋ!"

ಅಷ್ಟರಲ್ಲಿ ನಾಲ್ಕರ ಗಂಟೆ ಬಾರಿಸಿತು. ನೂರಂದಪ್ಪ ಎಂದಿನಂತೆ ವಸ್ತಾದರ ಭುಜಕ್ಕೆ ಕೈಚಾಚಿದ. ತಾಯಿಯವರು ಕೈ ಎತ್ತಿದರು. "ನಿಲ್ಲು."

ವಸ್ತಾದರ ಕಣ್ಣು ಹಗ್ಗದ ಮೇಲಿತ್ತು.

ಎಡಗೈ ಹಗ್ಗ ಹಿಡಿಯಿತು. ಎಡಗಾಲು ಹಾಸಿಗೆಗೆ ಒತ್ತಿತು. ಜಗ್ಗಿದರು. ಭುಜ ಎದ್ದಿತು, ಬಿತ್ತು. ಮತ್ತೆ ಜಗ್ಗಿದರು. ಈ ಸಲ ಎಡಮಗ್ಗುಲಿನಿಂದ ಅರ್ಧ ಹೊರಳಿ ಅಂಗಾತ ಬಿದ್ದರು. ಬೆನ್ನು ಹಾಸಿಗೆಗೆ ಹತ್ತಿತು. ಬಾಗಿಲಲ್ಲಿದ್ದ ಕುಸ್ತಿಗಾರರ ಬಾಯಿಂದ ತಾನಾಗಿಯೇ "ಅಯ್ಯಯ್ಯ!" ಬಂತು. ನೂರಂದಪ್ಪನ ಕೈ ತುಡಿಯಿತು. ಮುಟ್ಟುವಂತಿಲ್ಲ. ಕಣದ ಹೊರಗೆ ನಿಂತವನಿಗೆ ಕೂಗುವ ಹಕ್ಕು ಮಾತ್ರ.

"ಹಾಂ ವಸ್ತಾದರ! ಉಸರಾ ಬಿಡ್ರಿ! ಬಿಟ್ಟು ಹೊಡೀರಿ!" ಎಂದು ಗಂಟಲು ಹರಿಯುವಂತೆ ಕೂಗಿದ.

ಎಲ್ಲರೂ ಕೂಗಿದರು. ಹಲಗೆ ಮೊಳಗಿತು. ಐದು ಹೊರಸಿನಿಂದ ಐದು ಮಂದಿ, ಕುತ್ತಿಗೆ ತಿರುಗಿಸಬಲ್ಲವರು ತಿರುಗಿಸಿ, ಕೂಗಬಲ್ಲವರು ಕೂಗಿದರು. ವಸ್ತಾದರ ಕೊರಳ ನರ ಉಬ್ಬಿದವು. ಉಸಿರು ಬಿಟ್ಟರು. ಹಗ್ಗ ಕಿರ್ ಎಂದಿತು. ಟೊಂಕ ಎದ್ದಿತು, ಎಡಗಾಲು ಬಲಗಾಲನ್ನು ದಾಟಿತು, ಇಡೀ ಮೈ ಧಡಕ್ಕನೆ ಬಲಮಗ್ಗುಲಿಗೆ ಬಂತು!

ತಲೆಯ ಪಟಗಗಳು ಹಾರಿದವು. ತಗಡಿನ ಚಾವಣಿ ಕಿತ್ತುಹೋಗುವಷ್ಟು ಕೇಕೆ. "ಗೆದ್ದಾನ ನಮ್ಮ ಯಜಮಾನ, ಗೆದ್ದಾನ!" ಎಂದು ಹಜರತಮಾ ಅಳುತ್ತ ನಗುತ್ತ ಎಲ್ಲರಿಗೂ ಬೆಲ್ಲ ಹಂಚಿದಳು. ಹುಣ್ಣಿದ್ದ ಜಾಗ ನೋಡಿದರು. ರಕ್ತವಿಲ್ಲ. ಒಣಗಿದ ಕಲೆ ಮಾತ್ರ.

ನೂರಂದಪ್ಪ ಮೂಲೆಯ ಗದೆ ತಂದು ತಾಯಿಯವರ ಪಾದಕ್ಕಿಡಲು ಬಾಗಿದ. ಅವರು ಪಾದ ಹಿಂದಕ್ಕೆಳೆದುಕೊಂಡರು.

"ಯಾರ ಪಾದಕ್ಕ ಅಂದಿದ್ದಿ?"

"ವಸ್ತಾದರ ಪಾದಕ್ಕ, ತಾಯೀ."

"ಮತ್ತ ಅಲ್ಲಿಡು."

ತಾಯಿಯವರೇ ಗದೆಯನ್ನು ಹೊರಸಿನ ಕಾಲ್ದೆಸೆಗೆ ಅಡ್ಡಲಾಗಿ ಬಿಗಿದು ಕಟ್ಟಿದರು. ಮೇಲೆ ಮೆತ್ತನೆಯ ಬಟ್ಟೆ ಸುತ್ತಿದರು. ವಸ್ತಾದರ ಎರಡೂ ಅಂಗಾಲುಗಳನ್ನು ಅದಕ್ಕೆ ನೇರ ಆನಿಸಿಟ್ಟರು. "ಪಾದ ಜೋಲಬಾರದು. ಜೋತರ ನಾಳೆ ನಿಲ್ಲಾಕ ಬರೂದಿಲ್ಲ" ಎಂದು ಹೇಳಿ, ಮುಂದಿನ ಹೊರಸಿಗೆ ಹೋದರು. ಅಲ್ಲಿ ನೇಕಾರ ಮುದುಕನ ಮಗ್ಗುಲು ಇನ್ನೂ ಬದಲಾಗಿರಲಿಲ್ಲ.

ಹಲಗೆಯವರು ನಗಲಿಲ್ಲ. ಒಬ್ಬೊಬ್ಬರೇ ಹೊರಗೆ ಹೋಗಿ ಕೈ ತೊಳೆದು ಬಂದರು.

ಮರುವರ್ಷ ನೂರಂದಪ್ಪ ಮತ್ತೆ ಕಣಕ್ಕಿಳಿದ. ಕೋಲು ಹಿಡಿದು ನಿಂತ ವಸ್ತಾದರ ಎದುರಿಗೇ ಗೆದ್ದ. ಆದರೆ ಅಂದಿನಿಂದ ಅವನಿಗೊಂದು ಹೊಸ ರೂಢಿ ಬಂತು. ಗೆದ್ದ ಕೂಡಲೇ ಕೈಯೆತ್ತಿ ಕುಣಿಯುತ್ತಿರಲಿಲ್ಲ. ಬಿದ್ದವನ ಪಕ್ಕ ಮೊಣಕಾಲೂರಿ, ಒಂದು ಕೈ ಭುಜಕ್ಕೆ, ಒಂದು ಕೈ ಟೊಂಕಕ್ಕೆ ಇಟ್ಟು ಕಾಯುತ್ತಿದ್ದ. ಜನ ಕೂಗಿ ಕೇಳುತ್ತಿದ್ದರು: "ಏನ್ ಕಾಯಾಕತ್ತೀಯೋ, ಪೈಲ್ವಾನಾ?"

"ಅವನ ಉಸರಾ" ಎನ್ನುತ್ತಿದ್ದ.