ತಿರುಗಿ ಬಾರದ ಸ್ಕೂಟರ್

ಪಾಳುಬಿದ್ದ ರನ್‌ವೇಯಲ್ಲಿ ಸಣ್ಣಪುಟ್ಟ ಗ್ಯಾರೇಜುಗಳ ಗಾಡಿಗಳು ವೇಗದ ಪರೀಕ್ಷೆಗೆ ಸೇರಿದ್ದವು. ಮಳೆ ಬಿಡುತ್ತಿರಲಿಲ್ಲ. ತಾಡಪಾಲಿನ ಕೆಳಗೆ ಒಂದು ಹಳೆಯ ಸ್ಕೂಟರಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇವತ್ತು ನೂರು ಕಿಲೋಮೀಟರ್ ವೇಗ ದಾಖಲಾಗದಿದ್ದರೆ ನಾಳೆ ಗುಜರಿಗೆ ಎಂದು ಅದರ ಮೆಕ್ಯಾನಿಕ್ ದಸ್ತಗೀರ ಹೇಳಿಬಿಟ್ಟಿದ್ದ.

"ಸ್ವಾಮಿ, ನನ್ನನ್ನು ಯಾವಾಗ ಬಿಡುತ್ತೀರಿ?" ಎಂದು ಅದು ಹತ್ತನೆಯ ಸಲ ಕೇಳಿತು.

"ಮಳೆ ನಿಂತಾಗ," ಎಂದಿತು ವೇಗ ಅಳೆಯುವ ಗಡಿಯಾರ. "ನಿಯಮ ನೆನಪಿರಲಿ. ಹೋಗಬೇಕು, ಒಂದು ಗಂಟೆಯೊಳಗೆ ಅದೇ ದಾರಿಯಲ್ಲಿ ತಿರುಗಿ ಬರಬೇಕು. ಎರಡರ ಸರಾಸರಿಯೇ ದಾಖಲೆ."

ಮಳೆ ನಿಂತಿತು. ಬಿರುಗಾಳಿ ಬೆನ್ನಿಗಿತ್ತು. ಸ್ಕೂಟರ್ ನೂರಾ ಹನ್ನೆರಡರ ವೇಗದಲ್ಲಿ ಆಚೆ ತುದಿ ಮುಟ್ಟಿತು. ತಿರುಗಿ ನಿಂತಾಗ ಅದೇ ಗಾಳಿ ಮುಖಕ್ಕೆ ರಾಚಿತು.

"ಪ್ಲಗ್ ಒದ್ದೆಯಾಗಿದೆ, ಸ್ವಲ್ಪ ಒಣಗಲಿ," ಎಂದಿತು, ಬೆಳಗಿನಿಂದ ಅವಸರಪಡುತ್ತಿದ್ದ ಸ್ಕೂಟರ್.

"ಒದ್ದೆಯಾಗಿರುವುದು ಪ್ಲಗ್ಗೋ, ಧೈರ್ಯವೋ ಅಣ್ಣಾ?" ಎಂದು ತಾನೂ ಆ ತುದಿಗೆ ಬಂದು ನಿಂತಿದ್ದ ಒಂದು ಮೊಪೆಡ್ ಕಿಚಾಯಿಸಿ, ನಲವತ್ತರ ವೇಗದಲ್ಲಿ ಏದುಸಿರು ಬಿಡುತ್ತ ತಿರುಗಿ ಹೊರಟಿತು.

ನೂರಾ ಹನ್ನೆರಡು ಎಲ್ಲಿ ಕರಗುತ್ತದೋ ಎಂದು ಸ್ಕೂಟರ್ ಗಾಳಿ ಇಳಿಯುವುದನ್ನೇ ಕಾದಿತು. ಗಂಟೆ ಮುಗಿಯಿತು, ಮಳೆ ಮತ್ತೆ ಹಿಡಿಯಿತು. ಕೊನೆಗೆ ಅದನ್ನು ತಳ್ಳಿಕೊಂಡು ತಂದರು.

"ನೂರಾ ಹನ್ನೆರಡು ಎಂದೇ ಬರೆದುಬಿಡಿ ಸ್ವಾಮಿ," ಎಂದು ಅದು ಬೇಡಿತು.

"ಅದರಲ್ಲಿ ಗಾಳಿಯ ಪಾಲೆಷ್ಟು ಎಂದು ತಿಳಿಯುವುದಕ್ಕೇ ತಿರುಗಿ ಬಾ ಎಂದದ್ದು," ಎಂದಿತು ಗಡಿಯಾರ. "ಎಂಬತ್ತೆಂಟರಲ್ಲಿ ಬಂದಿದ್ದರೂ ನೂರಾಗುತ್ತಿತ್ತು."

ಸ್ಕೂಟರಿನ ಎಂಜಿನ್ನು ಯಾರೂ ಒದೆಯದೆ ತಾನಾಗಿ ಗುಡುಗಿತು. ಅಷ್ಟರಲ್ಲಿ ರನ್‌ವೇ ನೀರಿನಡಿ ಮುಳುಗಿತ್ತು.